ಸೋಲಾರ್ ಟ್ಯಾಂಕಿನ ಬಿಸಿ ರಾತ್ರಿ ಎಲ್ಲಿ ಹೋಗುತ್ತದೆ?

ತಾರಸಿಯ ಮೇಲಿನ ಸೋಲಾರ್ ವಾಟರ್ ಹೀಟರ್‌ಗೆ ಎರಡು ಕೆಲಸ. ಹಗಲು ನೀರು ಕಾಯಿಸಬೇಕು; ಕಾದ ನೀರನ್ನು ಮರುದಿನದ ಸ್ನಾನದವರೆಗೆ ಬಿಸಿ ಆರದಂತೆ ಇಟ್ಟುಕೊಳ್ಳಬೇಕು. ಇವೆರಡರಲ್ಲಿ ಯಾವುದು ಕೈಕೊಟ್ಟರೂ ಮನೆಯವರ ದೂರು ಒಂದೇ: ‘ಸೋಲಾರ್ ಕೆಲಸ ಮಾಡ್ತಿಲ್ಲ.’ ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ದೋಷಗಳು ಸೇರಿಕೊಂಡಿರುತ್ತವೆ. ನೀರು ಕಾದೇ ಇಲ್ಲದಿರಬಹುದು, ಕಾದದ್ದು ರಾತ್ರಿ ಆರಿರಬಹುದು, ಟ್ಯಾಂಕಿನಲ್ಲಿ ಬಿಸಿ ಇದ್ದರೂ ಅದು ನಲ್ಲಿಗೆ ಬಂದು ಮುಟ್ಟದಿರಬಹುದು. ಯಾವುದೆಂದು ತಿಳಿಯುವ ಮೊದಲೇ ಟ್ಯೂಬು ಬದಲಿಸುವುದು, ಇನ್ನೂ ದೊಡ್ಡ ಟ್ಯಾಂಕ್ ಕೂರಿಸುವುದು ದುಡ್ಡು ಕಳೆಯುವ ದಾರಿ. ಒಂದು ಥರ್ಮಾಮೀಟರ್ ಮತ್ತು ಎರಡು-ಮೂರು ರಾತ್ರಿಯ ತಾಳ್ಮೆ ಇದ್ದರೆ ದೋಷ ಎಲ್ಲಿದೆ ಎಂಬುದನ್ನು ಹೆಚ್ಚಿನ ಮನೆಗಳಲ್ಲಿ ಮನೆಯವರೇ ಪತ್ತೆ ಮಾಡಬಹುದು.

ಕರ್ನಾಟಕದ ಮನೆಗಳ ಮೇಲೆ ಕಾಣುವ ಸೋಲಾರ್‌ಗಳು ಎರಡು ಬಗೆಯವು. ಹಳೆಯ ಮನೆಗಳಲ್ಲಿ ತಾಮ್ರದ ಕೊಳವೆಗಳ ಮೇಲೆ ಗಾಜು ಹೊದಿಸಿದ ಚಪ್ಪಟೆ ಪ್ಯಾನೆಲ್, ಅಂದರೆ ಎಫ್‌ಪಿಸಿ. ಈಚಿನ ಮನೆಗಳಲ್ಲಿ ಹೆಚ್ಚಾಗಿ ಗಾಜಿನ ಟ್ಯೂಬುಗಳ ಸಾಲು, ಅಂದರೆ ಇಟಿಸಿ. ಎರಡಕ್ಕೂ ಪಂಪ್ ಬೇಕಿಲ್ಲ. ಕಾದ ನೀರು ಹಗುರಾಗಿ ಮೇಲೇರಿ ಟ್ಯಾಂಕ್ ಸೇರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿದು ಅದರ ಜಾಗ ತುಂಬುತ್ತದೆ. ಥರ್ಮೋಸೈಫನ್ ಎನ್ನುವುದು ಇದಕ್ಕೇ. ಟ್ಯಾಂಕಿನ ಒಳಪಾತ್ರೆಗೂ ಹೊರಗಿನ ತಗಡಿಗೂ ನಡುವೆ ಸಾಮಾನ್ಯವಾಗಿ 50 ಮಿ.ಮೀ. ದಪ್ಪದ ಪಫ್ ಫೋಮ್ ತುಂಬಿರುತ್ತಾರೆ. ತಣ್ಣೀರು ಟ್ಯಾಂಕಿನ ತಳದಿಂದ ಒಳಬರುತ್ತದೆ, ಬಿಸಿನೀರು ನೆತ್ತಿಯಿಂದ ಹೊರಡುತ್ತದೆ, ಏರ್ ವೆಂಟ್ ಎಂಬ ತೆರೆದ ಕೊಳವೆಯೊಂದು ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಹೋಗಿ ಬಾಗಿ ನಿಂತಿರುತ್ತದೆ. ದೋಷ ಹುಡುಕುವವರು ಮೊದಲು ತಾರಸಿ ಹತ್ತಿ ಈ ಮೂರು ಕೊಳವೆಗಳು ಯಾವುವೆಂದು ಗುರುತಿಸಿಕೊಳ್ಳಬೇಕು. ಮುಂದಿನ ಪರೀಕ್ಷೆಗಳೆಲ್ಲ ಇವುಗಳ ಮೇಲೆಯೇ ನಡೆಯುತ್ತವೆ.

ಎಷ್ಟು ಇಳಿದರೆ ಸಹಜ?

ಎಂಥ ಒಳ್ಳೆಯ ಟ್ಯಾಂಕ್ ಆದರೂ ರಾತ್ರಿ ಸ್ವಲ್ಪ ಬಿಸಿ ಕಳೆದುಕೊಳ್ಳುತ್ತದೆ. ಎಷ್ಟು ಎಂಬುದಕ್ಕೆ ಲೆಕ್ಕವಿದೆ. 200 ಲೀಟರ್ ಟ್ಯಾಂಕಿನ ಮೈ ಸುಮಾರು 2 ಚದರ ಮೀಟರ್. ಒಳಗಿನ ನೀರು 60 ಡಿಗ್ರಿ, ಹೊರಗಿನ ಗಾಳಿ 20 ಡಿಗ್ರಿ ಇದ್ದಾಗ 50 ಮಿ.ಮೀ. ಪಫ್ ಮೂಲಕ ಹೊರಹೋಗುವ ಶಾಖ 40 ವ್ಯಾಟ್‌ನಷ್ಟು. ಒಂದು ಹಳೆಯ ಕಾಲದ ಬಲ್ಬು ಉರಿದಷ್ಟೇ. ಹನ್ನೆರಡು ಗಂಟೆಗೆ ಅದು ಅರ್ಧ ಯೂನಿಟ್ ಆಗುತ್ತದೆ, ನೀರಿನ ಉಷ್ಣತೆ ಎರಡು ಡಿಗ್ರಿಗಿಂತ ತುಸು ಹೆಚ್ಚು ಇಳಿಯುತ್ತದೆ. ಇದು ಗೋಡೆಯ ಲೆಕ್ಕ ಮಾತ್ರ. ಕೊಳವೆ ಸೇರುವ ಜಾಗ, ಟ್ಯೂಬಿನ ಬಾಯಿ, ಟ್ಯಾಂಕ್ ಕೂತ ಸ್ಟ್ಯಾಂಡ್ ಎಲ್ಲವೂ ತಮ್ಮ ಪಾಲು ಎಳೆದುಕೊಳ್ಳುವುದರಿಂದ ಒಟ್ಟು ಇಳಿಕೆ ಐದಾರು ಡಿಗ್ರಿಯಾದರೆ ಚಿಂತೆಯಿಲ್ಲ. 100 ಲೀಟರ್ ಟ್ಯಾಂಕಿನಲ್ಲಿ ನೀರಿಗೆ ಹೋಲಿಸಿದರೆ ಮೈ ಹೆಚ್ಚು. ಅದು ಇನ್ನೂ ಒಂದೆರಡು ಡಿಗ್ರಿ ಹೆಚ್ಚೇ ಇಳಿಯಬಹುದು.

ಇಳಿಕೆ ಹತ್ತು ಡಿಗ್ರಿ ದಾಟಿದರೆ ಕಾರಣ ಹುಡುಕಬೇಕು. ಹದಿನೈದು-ಇಪ್ಪತ್ತು ಡಿಗ್ರಿ ಇಳಿದಿದ್ದರೆ ಲೆಕ್ಕವೇ ದಾರಿ ತೋರಿಸುತ್ತದೆ. ಗೋಡೆಯೊಂದರಿಂದಲೇ ಅಷ್ಟು ಬಿಸಿ ಹೋಗಬೇಕಾದರೆ ಪಫ್ ಹೊದಿಕೆ ಏಳೆಂಟು ಪಟ್ಟಾದರೂ ಕೆಟ್ಟಿರಬೇಕು. ಹೊರ ತಗಡು ನೆಟ್ಟಗಿರುವ ಟ್ಯಾಂಕಿನಲ್ಲಿ ಹಾಗಾಗುವುದು ಅಪರೂಪ. ಅಷ್ಟು ದೊಡ್ಡ ನಷ್ಟದ ಹಿಂದೆ ಸಾಮಾನ್ಯವಾಗಿ ಇರುವುದು ನೀರಿನ ಓಡಾಟ: ಬಿಸಿನೀರು ಎಲ್ಲೋ ಹೊರಹೋಗಿ ತಣ್ಣೀರು ಒಳಬಂದಿರುತ್ತದೆ. ಟ್ಯಾಂಕಿನ ಹೊದಿಕೆಯನ್ನೇ ಮೊದಲು ಶಂಕಿಸುವವರು ಈ ಮಾತನ್ನು ಗಮನದಲ್ಲಿಡಬೇಕು.

ಅಳತೆ ಹೀಗೆ. ಬಿಸಿಲು ಚೆನ್ನಾಗಿದ್ದ ದಿನ ಸಂಜೆ ಆರರ ಹೊತ್ತಿಗೆ, ಟ್ಯಾಂಕಿಗೆ ತೀರ ಹತ್ತಿರದ ಬಿಸಿನೀರಿನ ನಲ್ಲಿ ತೆರೆದು ಪೈಪಿನಲ್ಲಿ ನಿಂತಿದ್ದ ನೀರನ್ನು ಬಕೆಟ್ಟಿಗೆ ಬಿಡಬೇಕು. ಬರುವ ಬಿಸಿ ಒಂದೇ ಸಮನಾದ ಮೇಲೆ ಸ್ಟೀಲ್ ಲೋಟವೊಂದನ್ನು ಧಾರೆಗೆ ಹಿಡಿದು ಅದರಲ್ಲಿ ಥರ್ಮಾಮೀಟರ್ ಅದ್ದಬೇಕು. ಜ್ವರದ ಥರ್ಮಾಮೀಟರ್ ನಡೆಯದು, ಅದರ ಅಳತೆ 42 ಡಿಗ್ರಿಗೇ ಮುಗಿಯುತ್ತದೆ. ಅಡುಗೆಗೆ ಬಳಸುವ ಡಿಜಿಟಲ್ ಕಡ್ಡಿ ಸಾಕು. ಆ ರಾತ್ರಿ ಯಾರೂ ಬಿಸಿನೀರು ಬಳಸಬಾರದು. ಟ್ಯಾಂಕಿಗೆ ಕರೆಂಟಿನ ಬ್ಯಾಕಪ್ ಕಾಯಿಲ್ ಇದ್ದರೆ ಅದರ ಎಂಸಿಬಿ ಇಳಿಸಿರಬೇಕು, ಇಲ್ಲವಾದರೆ ಕಾಯಿಲ್ ನಷ್ಟವನ್ನೆಲ್ಲ ಮುಚ್ಚಿಹಾಕುತ್ತದೆ. ಬೆಳಿಗ್ಗೆ ಆರಕ್ಕೆ, ಬಿಸಿಲು ಬೀಳುವ ಮೊದಲು, ಅದೇ ನಲ್ಲಿಯಲ್ಲಿ ಅದೇ ರೀತಿ ಮತ್ತೊಮ್ಮೆ ಅಳೆಯಬೇಕು. ಸಂಜೆಯೇ 45 ಡಿಗ್ರಿ ದಾಟಿರದಿದ್ದರೆ ದೋಷ ಕಾಯಿಸುವ ಕಡೆಗಿದೆ, ಬಿಸಿ ಕಾಯ್ದಿಡುವ ಕಡೆಗಲ್ಲ.

ರಾತ್ರಿಗೊಂದು ವಾಲ್ವ್

ಇಳಿಕೆ ಹೆಚ್ಚೆಂದು ಖಚಿತವಾದ ಮೇಲೆ ದೋಷವನ್ನು ಎರಡು ಭಾಗ ಮಾಡುತ್ತ ಹೋಗುವುದು ಜಾಣತನ. ಟ್ಯಾಂಕಿನಿಂದ ಮನೆಯೊಳಕ್ಕೆ ಇಳಿಯುವ ಬಿಸಿನೀರಿನ ಕೊಳವೆಯ ಮೇಲೆ ಗೇಟ್ ವಾಲ್ವ್ ಇರುತ್ತದೆ. ಮೊದಲ ರಾತ್ರಿ ಸಂಜೆಯ ಅಳತೆಯ ನಂತರ ಅದೊಂದನ್ನೇ ಮುಚ್ಚಬೇಕು. ಬೆಳಿಗ್ಗೆ ತೆರೆದು ಅಳೆದಾಗ ಬಿಸಿ ಉಳಿದಿದ್ದರೆ ಟ್ಯಾಂಕಿಗೆ ರೋಗವಿಲ್ಲ. ಬಿಸಿ ಹೋಗುತ್ತಿರುವುದು ಮನೆಯೊಳಗಿನ ಪೈಪು, ಮಿಕ್ಸರ್, ನಲ್ಲಿಗಳ ಕಡೆಯಿಂದ. ಆಗಲೂ ತಣ್ಣಗಿದ್ದರೆ ಎರಡನೆಯ ರಾತ್ರಿ ತಣ್ಣೀರು ಒಳಬರುವ ವಾಲ್ವನ್ನೂ ಸೇರಿಸಿ ಮುಚ್ಚಬೇಕು. ಈಗ ಬಿಸಿ ಉಳಿದರೆ ಕಳ್ಳದಾರಿ ತಣ್ಣೀರಿನ ಕೊಳವೆ. ಎರಡೂ ಮುಚ್ಚಿದ ಮೇಲೂ ನೀರು ಆರಿದರೆ ಮಾತ್ರ ಟ್ಯಾಂಕಿನ ಹೊದಿಕೆ, ಟ್ಯೂಬು, ಪ್ಯಾನೆಲ್ ಕಡೆ ತಿರುಗಬೇಕು.

ವಾಲ್ವ್ ಮುಟ್ಟುವ ಮೊದಲು ಒಂದು ಎಚ್ಚರಿಕೆ, ಇದರಲ್ಲಿ ಸಡಿಲಿಕೆ ಸಲ್ಲದು. ಏರ್ ವೆಂಟ್ ಟ್ಯಾಂಕಿಗೂ ಆ ವಾಲ್ವಿಗೂ ನಡುವೆ ಇದೆಯೇ, ಬಾಯಿ ತೆರೆದಿದೆಯೇ ಎಂದು ನೋಡಿಕೊಳ್ಳಬೇಕು. ವೆಂಟ್ ವಾಲ್ವಿನ ಆಚೆಗಿದ್ದರೆ ಈ ಪರೀಕ್ಷೆ ಬೇಡ. ಕಾದಾಗ ನೀರು ಹಿಗ್ಗಲು, ಟ್ಯಾಂಕ್ ಬರಿದಾಗುವಾಗ ಗಾಳಿ ಒಳಬರಲು ಇರುವ ದಾರಿ ಅದೊಂದೇ. ಅದು ಕಟ್ಟಿದರೆ ಟ್ಯಾಂಕ್ ಉಬ್ಬಿ ಒಡೆಯಬಹುದು, ಇಲ್ಲವೇ ಒಳಕ್ಕೆ ಕುಸಿದು ನುಗ್ಗಾಗಬಹುದು. ಬೆಳಿಗ್ಗೆ ಅಳತೆ ಮುಗಿದ ಕೂಡಲೇ ಎರಡೂ ವಾಲ್ವ್ ತೆರೆಯಬೇಕು. ಪ್ರೆಶರ್ ಪಂಪಿಗೆ ನೇರವಾಗಿ ಜೋಡಿಸಿದ, ಸೇಫ್ಟಿ ವಾಲ್ವ್ ಇರುವ ಒತ್ತಡದ ಟ್ಯಾಂಕುಗಳಲ್ಲಿ ಈ ಕೆಲಸವನ್ನು ಕಂಪನಿಯ ಮೆಕ್ಯಾನಿಕ್‌ಗೆ ಬಿಡುವುದು ಕ್ಷೇಮ.

ಮಿಕ್ಸರಿನೊಳಗಿನ ಕಳ್ಳದಾರಿ

ಬಿಸಿ ಕಳೆಯುವ ಕಾರಣಗಳಲ್ಲಿ ಕಣ್ಣಿಗೆ ಬೀಳದೆ ವರ್ಷಗಟ್ಟಲೆ ಉಳಿದುಬಿಡುವುದು ಬಚ್ಚಲುಮನೆಯ ಮಿಕ್ಸರ್. ಬಿಸಿನೀರು, ತಣ್ಣೀರು ಎರಡೂ ಕೊಳವೆಗಳು ಸೇರುವ ಜಾಗ ಅದು. ಕೈಯಲ್ಲಿ ಹಿಡಿಯುವ ಶವರಿನ ತುದಿಯಲ್ಲಿ ಗುಂಡಿ ಇದ್ದು, ಅದನ್ನು ಬಿಟ್ಟರೆ ನೀರು ನಿಲ್ಲುತ್ತದೆ. ನೀರು ನಿಂತಿತೆಂದು ಹಿಂದಿನ ಎರಡು ನಲ್ಲಿಗಳನ್ನು ತೆರೆದೇ ಬಿಟ್ಟು ಬಂದರೆ, ಮಿಕ್ಸರಿನ ಒಡಲಿನಲ್ಲಿ ಬಿಸಿಯ ಲೈನು ಮತ್ತು ತಣ್ಣೀರಿನ ಲೈನು ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಒಳಗೆ ಮಾತ್ರ ಒತ್ತಡ ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ನೀರು ಹರಿಯುತ್ತಿರುತ್ತದೆ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಶರ್ ಪಂಪ್ ಹಾಕಿಸಿದ ಮನೆಯಲ್ಲಿ ತಣ್ಣೀರು ಬಿಸಿಯ ಕೊಳವೆಯಲ್ಲಿ ಮೇಲಕ್ಕೇರಿ ಸೋಲಾರ್ ಟ್ಯಾಂಕಿನ ನೆತ್ತಿಗೇ ಹೋಗಿ ಬೀಳುತ್ತದೆ.

ಪಂಪ್ ಇಲ್ಲದ ಮನೆಯೂ ಪಾರಾಗುವುದಿಲ್ಲ. 60 ಡಿಗ್ರಿಯ ನೀರು 25 ಡಿಗ್ರಿಯ ನೀರಿಗಿಂತ ಹಗುರ; ಒಂದು ಸಾವಿರ ಲೀಟರಿಗೆ ಸುಮಾರು 14 ಕಿಲೋ ವ್ಯತ್ಯಾಸ. ತಾರಸಿಯಿಂದ ಕೆಳಮನೆಯ ಬಚ್ಚಲಿಗೆ ಹತ್ತು ಮೀಟರ್ ಇಳಿತವಿದ್ದರೆ ಈ ವ್ಯತ್ಯಾಸ 14 ಸೆಂ.ಮೀ. ಎತ್ತರದ ನೀರಿನಷ್ಟು ಒತ್ತಡವಾಗಿ ಕೂರುತ್ತದೆ. ಕೇಳಲು ಸಣ್ಣದು, ಆದರೆ ನೀರು ನಿಧಾನವಾಗಿ ತಿರುಗಲು ಶುರುವಾಗುವುದಕ್ಕೆ ಅಷ್ಟು ಸಾಕು. ತಣ್ಣೀರು ತನ್ನ ಕೊಳವೆಯಲ್ಲಿ ಇಳಿದು, ಮಿಕ್ಸರ್ ದಾಟಿ, ಬಿಸಿಯ ಕೊಳವೆಯಲ್ಲಿ ಏರಿ ಟ್ಯಾಂಕಿನ ಮೇಲ್ಭಾಗ ಸೇರುತ್ತದೆ. ಟ್ಯಾಂಕಿನ ತಳದ ನೀರು ತಣ್ಣೀರಿನ ದಾರಿಯಲ್ಲಿ ಹಿಂದಕ್ಕೆ ಓವರ್‌ಹೆಡ್ ಟ್ಯಾಂಕಿಗೆ ಹೋಗುತ್ತದೆ. ಮುಂಜಾನೆ ತಣ್ಣೀರಿನ ನಲ್ಲಿಯಲ್ಲಿ ಉಗುರು ಬೆಚ್ಚಗಿನ ನೀರು ಬಂದರೆ, ಅಥವಾ ಓವರ್‌ಹೆಡ್ ಟ್ಯಾಂಕಿನ ನೀರು ಕೈಗೆ ಬೆಚ್ಚಗೆ ತಾಗಿದರೆ ಇದೇ ನಡೆದಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು.

ಪತ್ತೆಗೆ ಸುಲಭ ಪರೀಕ್ಷೆಯೊಂದಿದೆ. ಸೋಲಾರ್ ಟ್ಯಾಂಕಿಗೆ ತಣ್ಣೀರು ಬರುವ ವಾಲ್ವ್ ಮುಚ್ಚಿ, ಕೆಳಗಿನ ಒಂದು ಬಿಸಿನೀರಿನ ನಲ್ಲಿ ತೆರೆದಿಡಬೇಕು. ಬಿಸಿನೀರು ಟ್ಯಾಂಕಿನ ನೆತ್ತಿಯಿಂದ ಹೊರಡುವುದರಿಂದ, ಮಟ್ಟ ತುಸು ಇಳಿದ ಕೂಡಲೇ ಧಾರೆ ಸಣ್ಣದಾಗಿ ನಿಲ್ಲಬೇಕು. ನಿಲ್ಲದೆ ತಣ್ಣೀರಾಗಿ ಬರುತ್ತಲೇ ಇದ್ದರೆ ಮನೆಯಲ್ಲಿ ಎಲ್ಲೋ ಎರಡು ಲೈನುಗಳು ಕೂಡಿವೆ. ಆಮೇಲೆ ಒಂದೊಂದು ಬಚ್ಚಲಿನ ಆ್ಯಂಗಲ್ ಕಾಕ್‌ಗಳನ್ನು ಸರದಿಯಲ್ಲಿ ಮುಚ್ಚುತ್ತ ಹೋದರೆ ಯಾವುದನ್ನು ಮುಚ್ಚಿದಾಗ ನೀರು ನಿಲ್ಲುತ್ತದೋ ಅಲ್ಲಿಯೇ ದೋಷ. ಮಿಕ್ಸರಿನ ಒಳಗಿನ ಕಾರ್ಟ್ರಿಜ್ ಸವೆದಿದ್ದರೆ ನಲ್ಲಿ ಮುಚ್ಚಿದ್ದರೂ ಒಳಗೊಳಗೇ ನೀರು ದಾಟುತ್ತದೆ, ಅದನ್ನು ಬದಲಿಸಬೇಕು. ಬಚ್ಚಲಿನಲ್ಲಿ ಗೀಸರ್ ಇದ್ದು ಸೋಲಾರ್ ಲೈನನ್ನು ಅದಕ್ಕೆ ಜೋಡಿಸಿ ನಡುವೆ ಬೈಪಾಸ್ ವಾಲ್ವ್ ಕೊಟ್ಟಿರುವ ಮನೆಗಳಲ್ಲಿ ಆ ವಾಲ್ವನ್ನು ಮೊದಲು ನೋಡಬೇಕು. ಮಳೆಗಾಲದಲ್ಲಿ ಗೀಸರ್‌ಗೆಂದು ತೆರೆದದ್ದು ಬೇಸಿಗೆಯವರೆಗೂ ತೆರೆದೇ ಇರುವುದು ಸಾಮಾನ್ಯ.

ಪರಿಹಾರದಲ್ಲಿ ಅಭ್ಯಾಸದ ಪಾಲು ಅರ್ಧ: ಶವರ್ ಗುಂಡಿಯನ್ನು ನಂಬದೆ ಹಿಂದಿನ ನಲ್ಲಿಗಳನ್ನೇ ಮುಚ್ಚುವುದು. ಉಳಿದರ್ಧ ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್. ಸೋಲಾರ್ ಟ್ಯಾಂಕಿನ ತಣ್ಣೀರಿನ ಬಾಯಿಗೂ ಬಿಸಿಯ ಬಾಯಿಗೂ ಒಂದೊಂದು ಹಾಕಿಸಿದರೆ ಮೇಲೆ ಹೇಳಿದ ಸುತ್ತು ಕಡಿದುಹೋಗುತ್ತದೆ. ಸ್ಪ್ರಿಂಗ್ ಇರುವ ಬಿಗಿ ವಾಲ್ವ್ ಹಾಕಿದರೆ ತಾರಸಿಯ ಅಲ್ಪ ಒತ್ತಡಕ್ಕೆ ಅದು ಸರಿಯಾಗಿ ತೆರೆಯದೆ ನಲ್ಲಿಯಲ್ಲಿ ನೀರೇ ಸಣ್ಣದಾಗುತ್ತದೆ. ಬಾಗಿಲಿನಂತೆ ತೂಗುವ ರೆಕ್ಕೆಯ ವಾಲ್ವನ್ನು, ಅದರ ಮೇಲಿನ ಬಾಣದ ಗುರುತು ನೋಡಿ, ಅಡ್ಡ ಮಲಗಿದ ಕೊಳವೆಯಲ್ಲಿ ಕೂರಿಸಬೇಕೆಂದು ಪ್ಲಂಬರ್‌ಗೆ ಹೇಳುವುದು ಒಳ್ಳೆಯದು.

ಹನಿ, ವೆಂಟ್, ತಣ್ಣೀರಿನ ಬಾಯಿ

ತೊಟ್ಟಿಕ್ಕುವ ಬಿಸಿನೀರಿನ ನಲ್ಲಿಯನ್ನು ಯಾರೂ ಶಾಖದ ನಷ್ಟವೆಂದು ಎಣಿಸುವುದಿಲ್ಲ. ಗಂಟೆಗೆ ಒಂದು ಲೀಟರ್ ಬಿದ್ದರೂ ದಿನಕ್ಕೆ 24 ಲೀಟರ್ ಬಿಸಿನೀರು ಹೋಗಿ ಅಷ್ಟೇ ತಣ್ಣೀರು ಟ್ಯಾಂಕಿಗೆ ಬಂದಿರುತ್ತದೆ. 60 ಡಿಗ್ರಿ ನೀರಿಗೆ 22 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಯ 20 ಲೀಟರ್ ಬಕೆಟ್ ತುಂಬಲು ಬೇಕಾದ ಬಿಸಿನೀರು ಒಂಬತ್ತೂವರೆ ಲೀಟರ್ ಮಾತ್ರ. ಆ ಲೆಕ್ಕದಲ್ಲಿ ಒಂದು ವಾಷರ್‌ನ ಸೋರಿಕೆ ಎರಡೂವರೆ ಬಕೆಟ್ ಸ್ನಾನದ ನೀರನ್ನು ನುಂಗುತ್ತದೆ.

ಏರ್ ವೆಂಟಿನಿಂದ ನೀರು ಸುರಿಯುವುದಕ್ಕೂ ಇದೇ ಬೆಲೆ. ಬಿಸಿಲು ಏರಿದಾಗ ಒಂದಿಷ್ಟು ಆವಿ, ನಾಲ್ಕು ಹನಿ ಬರುವುದು ಸಹಜ. ಧಾರೆಯಾಗಿ ಸುರಿದರೆ ವೆಂಟ್ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ತಗ್ಗಿದೆ ಎಂದರ್ಥ. ಪಂಪ್ ಓಡುವಾಗ ಮಾತ್ರ ಸುರಿದರೆ ತಣ್ಣೀರು ಮಿಕ್ಸರ್ ದಾಟಿ ಬರುತ್ತಿದೆ. ಸುರಿಯುವುದನ್ನು ನಿಲ್ಲಿಸಲು ವೆಂಟಿಗೆ ಬಿರಡೆ ಬಡಿಯುವವರಿದ್ದಾರೆ. ಅದು ಅಪಾಯದ ಕೆಲಸ.

ತಣ್ಣೀರಿನ ಕೊಳವೆಯ ಕಡೆ ಎರಡು ತೊಂದರೆಗಳು. ಓವರ್‌ಹೆಡ್ ಟ್ಯಾಂಕ್ ಬರಿದಾದಾಗ ಸೋಲಾರ್ ಟ್ಯಾಂಕಿನ ನೀರು ಹಿಂದಕ್ಕೆ ಹರಿದು ತಣ್ಣೀರಿನ ನಲ್ಲಿಗಳಿಂದ ಖಾಲಿಯಾಗುವುದು ಒಂದು. ಇನ್ನೊಂದು, ನೀರು ಹರಿಯದಿದ್ದರೂ ಬಿಸಿ ಮಾತ್ರ ಕೊಳವೆಯಲ್ಲಿ ಮೇಲೇರುವುದು: ಟ್ಯಾಂಕಿನ ತಳದಿಂದ ಹೊರಟ ಕೊಳವೆ ನೇರವಾಗಿ ಮೇಲಕ್ಕೆ ಹೋಗಿದ್ದರೆ ಅದರೊಳಗೇ ಬೆಚ್ಚಗಿನ ನೀರು ಏರುತ್ತ, ತಣ್ಣಗಿನದು ಇಳಿಯುತ್ತ ಇರುತ್ತದೆ. ರಾತ್ರಿ ಹತ್ತಕ್ಕೆ ಟ್ಯಾಂಕಿನಿಂದ ಒಂದು ಮೀಟರ್ ದೂರದಲ್ಲಿ ಆ ಕೊಳವೆಯನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಟ್ಯಾಂಕಿನ ಬಾಯಿಯ ಬಳಿ ಕೊಳವೆಯನ್ನು ಮೊದಲು ಕೆಳಕ್ಕೆ ಇಳಿಸಿ ಯು ಆಕಾರದಲ್ಲಿ ತಿರುಗಿಸಿ ಮೇಲೊಯ್ಯಬೇಕು. ಬಿಸಿ ನೀರು ಕೆಳಕ್ಕೆ ಇಳಿಯಲು ಒಪ್ಪುವುದಿಲ್ಲವಾದ್ದರಿಂದ ಆ ತಿರುವು ಎನ್‌ಆರ್‌ವಿಗೂ ಮೇಲಿನ ಕಾವಲು. ಬಿಸಿನೀರಿನ ಬಾಯಿಯ ಕೊಳವೆಗೂ ಇದೇ ಮಾತು: ಹೊರಬಂದ ಕೂಡಲೇ ಕೆಳಗಿಳಿಯಬೇಕು, ಉದ್ದಕ್ಕೆ ಮೇಲೇರಿ ಹೋಗಬಾರದು. ವೆಂಟಿನ ಕೊಳವೆ ಒಂದು ಮಾತ್ರ ಇದಕ್ಕೆ ಹೊರತು.

ಟ್ಯಾಂಕ್, ಟ್ಯೂಬು, ಪ್ಯಾನೆಲ್

ಎರಡೂ ವಾಲ್ವ್ ಮುಚ್ಚಿದ ರಾತ್ರಿಯೂ ನೀರು ಆರಿದ್ದರೆ ಟ್ಯಾಂಕಿನ ಮೈ ಪರೀಕ್ಷಿಸಬೇಕು. ಚಳಿಗಾಲದ ಮುಂಜಾನೆ ಅದಕ್ಕೆ ಒಳ್ಳೆಯ ಹೊತ್ತು. ಹೊದಿಕೆ ಸರಿಯಿದ್ದ ಟ್ಯಾಂಕಿನ ತಗಡಿನ ಮೇಲೆ ಇಬ್ಬನಿ ಒಂದೇ ಸಮನಾಗಿ ಕೂತಿರುತ್ತದೆ. ಒಂದು ಕಡೆ ಮಾತ್ರ ಒಣಗಿದ್ದು ಅಂಗೈಗೆ ಬೆಚ್ಚಗೆ ತಾಗಿದರೆ ಅದರಡಿಯ ಪಫ್ ಒದ್ದೆಯಾಗಿದೆ, ಇಲ್ಲವೇ ತುಂಬುವಾಗಲೇ ಟೊಳ್ಳು ಉಳಿದಿತ್ತು. ಒಣ ಫೋಮಿನ ಬಲವೆಲ್ಲ ಅದರೊಳಗೆ ಸೆರೆಸಿಕ್ಕ ಅನಿಲದ ಗುಳ್ಳೆಗಳಲ್ಲಿದೆ. ಅಲ್ಲಿಗೆ ನೀರು ಹೊಕ್ಕರೆ ಅದು ಶಾಖವನ್ನು ತಡೆಯುವ ಬದಲು ಸಾಗಿಸುತ್ತದೆ. ಟ್ಯಾಂಕಿನ ಅಡಿಯಿಂದ ಕಂದು ನೀರು ಜಿನುಗುವುದು, ಹೊರ ತಗಡಿನ ಅಂಚು ತುಕ್ಕು ಹಿಡಿದು ಉಬ್ಬುವುದು ಒಳಪಾತ್ರೆ ತೂತಾಗಿರುವುದರ ಗುರುತು. ಅಂಥ ಟ್ಯಾಂಕಿನ ಮೇಲೆ ಹೊಸ ಹೊದಿಕೆ ಸುತ್ತಿ ಪ್ರಯೋಜನವಿಲ್ಲ. ಮಳೆನೀರು ಮಾತ್ರ ಒಳಗಿಳಿಯುತ್ತಿದ್ದರೆ, ಕೊಳವೆ ಹೊರಬರುವ ಜಾಗಗಳಿಗೆ ಸಿಲಿಕೋನ್ ಸೀಲೆಂಟ್ ಹಚ್ಚಿ ತಗಡಿನ ಸಂದು ಮುಚ್ಚಿದರೆ ಇನ್ನಷ್ಟು ವರ್ಷ ಬಾಳುತ್ತದೆ.

ಇಟಿಸಿ ಟ್ಯೂಬು ಥರ್ಮಾಸ್ ಫ್ಲಾಸ್ಕಿನ ಮನೆತನಕ್ಕೆ ಸೇರಿದ್ದು. 1892ರಲ್ಲಿ ಜೇಮ್ಸ್ ಡ್ಯೂವರ್ ಮಾಡಿದ ಫ್ಲಾಸ್ಕಿನಂತೆ ಇದರಲ್ಲೂ ಎರಡು ಪದರ ಗಾಜು, ನಡುವೆ ನಿರ್ವಾತ. ಆ ನಿರ್ವಾತ ಉಳಿದಿದೆಯೇ ಎಂಬುದನ್ನು ಟ್ಯೂಬೇ ತೋರಿಸುತ್ತದೆ. ಅದರ ಕೆಳತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಲೇಪವಿರುತ್ತದೆ. ಉಳಿದ ಅನಿಲವನ್ನು ಹೀರಲೆಂದು ಹಾಕಿದ ಬೇರಿಯಂ ಅದು. ಗಾಳಿ ಒಳಹೊಕ್ಕ ಕೂಡಲೇ ಬೇರಿಯಂ ಅದರೊಂದಿಗೆ ಕೂಡಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಕೆಲವು ಸ್ಟ್ಯಾಂಡುಗಳಲ್ಲಿ ಈ ತುದಿ ಪ್ಲಾಸ್ಟಿಕ್ ಬಟ್ಟಲಿನೊಳಗೆ ಮುಚ್ಚಿರುವುದರಿಂದ ಬಟ್ಟಲು ಸರಿಸಿ ನೋಡಬೇಕು. ಮಧ್ಯಾಹ್ನ ಟ್ಯೂಬುಗಳ ಹೊರಮೈಯನ್ನು ಬೆರಳ ತುದಿಯಿಂದ ಮುಟ್ಟುತ್ತ ಹೋದರೂ ತಿಳಿಯುತ್ತದೆ. ಸರಿಯಿದ್ದವು ಹೆಚ್ಚುಕಡಿಮೆ ಗಾಳಿಯಷ್ಟೇ ಬೆಚ್ಚಗಿರುತ್ತವೆ, ಕೆಟ್ಟದ್ದು ಸುಡುತ್ತದೆ.

ಕೆಟ್ಟ ಟ್ಯೂಬನ್ನು ರಾತ್ರಿಯ ನಷ್ಟದ ಮುಖ್ಯ ಕಾರಣವೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ರಾತ್ರಿ ಟ್ಯೂಬಿನಲ್ಲಿ ಆರಿದ ನೀರು ಭಾರವಾಗಿ ಅಲ್ಲಿಯೇ ತಳದಲ್ಲಿ ನಿಲ್ಲುತ್ತದೆ, ಮೇಲಿನ ಟ್ಯಾಂಕಿನ ಬಿಸಿಯನ್ನು ಹೆಚ್ಚು ಎಳೆಯುವುದಿಲ್ಲ. ಅದರ ಹಾನಿ ಹೆಚ್ಚಾಗಿ ಹಗಲಿನದು: ಇಪ್ಪತ್ತು ಟ್ಯೂಬುಗಳಲ್ಲಿ ನಾಲ್ಕು ಕೆಟ್ಟರೆ ಸಂಜೆಯ ಅಳತೆಯೇ ತಗ್ಗಿಬಿಡುತ್ತದೆ. ಟ್ಯೂಬಿನ ಬಾಯಿಯ ಸಿಲಿಕೋನ್ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರಿದು ನೀರು ಜಿನುಗಿದರೆ ಮಾತ್ರ ಅದು ಹಗಲು ರಾತ್ರಿ ಎರಡರ ನಷ್ಟವೂ ಹೌದು, ಪಫ್ ಒದ್ದೆಯಾಗುವುದಕ್ಕೂ ಮೂಲ.

ಟ್ಯೂಬ್ ಬದಲಿಸುವಾಗ ತಣ್ಣೀರಿನ ವಾಲ್ವ್ ಮುಚ್ಚಿ ಟ್ಯಾಂಕ್ ಪೂರ್ತಿ ಬರಿದು ಮಾಡಬೇಕು, ಏಕೆಂದರೆ ಎಲ್ಲ ಟ್ಯೂಬುಗಳೂ ಟ್ಯಾಂಕಿಗೆ ನೇರ ತೆರೆದಿರುತ್ತವೆ. ಕೆಲಸ ಸೂರ್ಯ ಏರುವ ಮುಂಚೆ ಮುಗಿಯಬೇಕು. ಖಾಲಿ ಟ್ಯೂಬು ಬಿಸಿಲಲ್ಲಿ ನೂರು ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಆಗ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ತಡವಾದರೆ ಗೋಣಿಯೋ ದಪ್ಪ ಬಟ್ಟೆಯೋ ಹೊದಿಸಿ ಸಂಜೆಗೆ ಕಾಯುವುದೇ ಸರಿ.

ಚಪ್ಪಟೆ ಪ್ಯಾನೆಲ್ಲಿನ ಕಷ್ಟ ಬೇರೆ. ತಿಳಿ ಆಕಾಶದ ರಾತ್ರಿ ಅದರ ಗಾಜು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಟ್ಯಾಂಕಿನ ತಳ ಪ್ಯಾನೆಲ್ಲಿನ ಮೇಲಂಚಿಗಿಂತ ಸುಮಾರು ಒಂದು ಅಡಿಯಾದರೂ ಎತ್ತರವಿದ್ದರೆ ತಣ್ಣೀರು ಪ್ಯಾನೆಲ್ಲಿನಲ್ಲೇ ನಿಲ್ಲುತ್ತದೆ. ಟ್ಯಾಂಕ್ ತಗ್ಗಾಗಿದ್ದರೆ ಹಗಲಿನ ಸುತ್ತು ರಾತ್ರಿ ಉಲ್ಟಾ ತಿರುಗುತ್ತದೆ: ಟ್ಯಾಂಕಿನ ಬಿಸಿನೀರು ಮೇಲಿನ ಕೊಳವೆಯಿಂದ ಪ್ಯಾನೆಲ್ಲಿಗೆ ಬಂದು, ಆರಿ, ಕೆಳಗಿನ ಕೊಳವೆಯಿಂದ ಟ್ಯಾಂಕಿಗೆ ಮರಳುತ್ತದೆ. ರಾತ್ರಿ ಹನ್ನೊಂದಕ್ಕೂ ಪ್ಯಾನೆಲ್ಲಿನ ಮೇಲಿನ ಕೊಳವೆ ಅದರ ಉದ್ದಕ್ಕೂ ಬಿಸಿಯಾಗಿದ್ದರೆ ಉಲ್ಟಾ ಸುತ್ತು ನಡೆದಿದೆ. ಸ್ಟ್ಯಾಂಡ್ ಎತ್ತರಿಸುವುದೊಂದೇ ಗಟ್ಟಿ ಪರಿಹಾರ. ಹೆಂಚಿನ ಮಾಡಿನ ಮನೆಗಳಲ್ಲಿ ಟ್ಯಾಂಕನ್ನು ಎದ್ದು ಕಾಣದಂತೆ ತಗ್ಗಿಸಿ ಕೂರಿಸುವಾಗ ಈ ತಪ್ಪು ಸುಲಭವಾಗಿ ನುಸುಳುತ್ತದೆ.

ಪೈಪಿನಲ್ಲಿ ನಿಂತ ನೀರು

ಟ್ಯಾಂಕಿನಲ್ಲಿ 58 ಡಿಗ್ರಿ ಇದ್ದೂ ಬಚ್ಚಲಿಗೆ ಬೆಚ್ಚಗಿನ ನೀರು ಮಾತ್ರ ಬಂದರೆ ಪೈಪನ್ನು ನೋಡಬೇಕು. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು ಮೀಟರಿಗೆ ಕಾಲು ಲೀಟರ್ ನೀರು ಹಿಡಿಯುತ್ತದೆ. ಒಂದು ಇಂಚಿನದು 400 ಮಿಲಿಲೀಟರಿಗೂ ಹೆಚ್ಚು. ತಾರಸಿಯಿಂದ ಕೆಳಮನೆಯ ಬಚ್ಚಲಿಗೆ 20 ಮೀಟರ್ ಆದರೆ ಒಂದು ಇಂಚಿನ ಪೈಪಿನಲ್ಲಿ ಎಂಟು ಲೀಟರಿಗೂ ಹೆಚ್ಚು ನೀರು ನಿಂತಿರುತ್ತದೆ. ಪ್ರತಿ ಸಲ ನಲ್ಲಿ ತಿರುಗಿಸಿದಾಗಲೂ ಮೊದಲು ಬರುವುದು ಆ ತಣ್ಣನೆಯ ನೀರು, ನಲ್ಲಿ ಮುಚ್ಚಿದಾಗ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರುತ್ತದೆ. ಪಾತ್ರೆ ತೊಳೆಯಲೆಂದು ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಸಲ ಬಿಸಿನೀರಿನ ನಲ್ಲಿಯನ್ನು ಅರ್ಧ ನಿಮಿಷ ತೆರೆಯುವ ಮನೆಯಲ್ಲಿ ಬಿಸಿನೀರು ಸಿಂಕಿಗೆ ಮುಟ್ಟುವುದೇ ಇಲ್ಲ, ಟ್ಯಾಂಕ್ ಮಾತ್ರ ಬರಿದಾಗುತ್ತದೆ.

ಪೈಪಿಗೆ ಫೋಮ್ ಸುತ್ತಿದರೆ ಬೆಳಿಗ್ಗೆ ತಕ್ಷಣ ಬಿಸಿನೀರು ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಫೋಮ್ ಇದ್ದರೆ ನಿಂತ ನೀರು ಒಂದೆರಡು ಗಂಟೆ ಬೆಚ್ಚಗಿರಬಹುದು, ಇಡೀ ರಾತ್ರಿ ಉಳಿಯುವಷ್ಟು ಶಾಖ ಆ ಸಣ್ಣ ಪೈಪಿನಲ್ಲಿಲ್ಲ. ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡುವಾಗ ಅದರ ಉಪಯೋಗ ಚೆನ್ನಾಗಿ ಕಾಣುತ್ತದೆ. ತಾರಸಿಯ ಮೇಲಿನ ತೆರೆದ ಭಾಗಕ್ಕೆ ಕನಿಷ್ಠ 13 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರ್ ಕೊಳವೆ ತೊಡಿಸಿ, ಅದರ ಮೇಲೆ ಅಲ್ಯೂಮಿನಿಯಂ ಟೇಪ್ ಅಥವಾ ತಗಡಿನ ಹೊದಿಕೆ ಹಾಕಬೇಕು. ಬರಿಯ ಬಿಳಿ ಫೋಮ್ ಬಿಸಿಲಿಗೆ ಬೇಗ ಪುಡಿಪುಡಿಯಾಗಿ ಉದುರುತ್ತದೆ. ಬೆಳಗಿನ ಕಾಯುವಿಕೆಗೆ ನಿಜವಾದ ಮದ್ದು ಪೈಪಿನ ಉದ್ದ ಕಡಿಮೆ ಮಾಡುವುದು ಮತ್ತು ಅಗತ್ಯಕ್ಕಿಂತ ಅಗಲದ ಪೈಪು ಹಾಕದಿರುವುದು. ಅದು ಮನೆ ಕಟ್ಟುವಾಗಲೇ ತೀರ್ಮಾನವಾಗುವ ವಿಷಯ. ಬಿಸಿನೀರನ್ನು ಪಂಪಿನಿಂದ ಸದಾ ಸುತ್ತಿಸುವ ಅಪಾರ್ಟ್‌ಮೆಂಟುಗಳಲ್ಲಿ ಪೈಪಿನ ನಷ್ಟ ದಿನದ 24 ಗಂಟೆಯೂ ನಡೆಯುತ್ತಿರುತ್ತದೆ. ಅಲ್ಲಿ ಪಂಪಿಗೆ ಟೈಮರ್ ಹಾಕಿ ಬೆಳಿಗ್ಗೆ ಮತ್ತು ಸಂಜೆಗಷ್ಟೇ ಓಡಿಸಬೇಕು.

ದೋಷವಲ್ಲದ ದೋಷಗಳು

ಸಂಜೆ ಇಬ್ಬರು ಮೂವರು ಸ್ನಾನ ಮಾಡಿದ ಮನೆಯಲ್ಲಿ ಬೆಳಗಿನ ನೀರು ಆರಿರುವುದು ಸೋರಿಕೆಯಲ್ಲ. 60 ಡಿಗ್ರಿಯ 200 ಲೀಟರಿನಲ್ಲಿ ಸಂಜೆ 80 ಲೀಟರ್ ಬಳಸಿದರೆ ಅಷ್ಟೇ 22 ಡಿಗ್ರಿಯ ತಣ್ಣೀರು ತಳಕ್ಕೆ ಬರುತ್ತದೆ. ಪೂರ್ತಿ ಬೆರೆತರೆ ಸರಾಸರಿ 45 ಡಿಗ್ರಿ. ತಣ್ಣೀರು ನಿಧಾನವಾಗಿ ಬಂದು ತಳದಲ್ಲೇ ಪದರವಾಗಿ ನಿಂತರೆ ನೆತ್ತಿಯ ನೀರು ಬಿಸಿಯಾಗಿಯೇ ಉಳಿಯುತ್ತದೆ, ರಭಸದಿಂದ ನುಗ್ಗಿದರೆ ಎಲ್ಲ ಕಲಸಿಹೋಗುತ್ತದೆ. ಒಳಬಾಯಿಯಲ್ಲಿ ರಭಸ ಮುರಿಯುವ ತಡೆತಟ್ಟೆ ಇಲ್ಲದ ಟ್ಯಾಂಕುಗಳಲ್ಲಿ ತಣ್ಣೀರಿನ ವಾಲ್ವನ್ನು ತುಸು ಬಿಗಿಮಾಡಿದರೆ ಎಷ್ಟೋ ವಾಸಿ.

ಸಂಜೆಯ ಅಳತೆಯೇ ಕಡಿಮೆಯಾದರೆ ಮೊದಲು ಟ್ಯೂಬು-ಗಾಜಿನ ಧೂಳು, ಪಕ್ಕದಲ್ಲಿ ಹೊಸದಾಗಿ ಎದ್ದ ಕಟ್ಟಡದ ನೆರಳು, ಬೆಳೆದ ತೆಂಗಿನ ಗರಿ ನೋಡಬೇಕು. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆಯ ಗಡಸು ಕೊಳವೆಬಾವಿ ನೀರಿನಲ್ಲಿ ಚಪ್ಪಟೆ ಪ್ಯಾನೆಲ್ಲಿನ ಸಣ್ಣ ತಾಮ್ರದ ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಅದನ್ನು ಆಮ್ಲದಿಂದ ತೊಳೆಯುವುದು ಪರಿಣತರ ಕೆಲಸ. ಮಲೆನಾಡು, ಕೊಡಗಿನ ಜುಲೈ ತಿಂಗಳಲ್ಲಿ ಯಾವ ಟ್ಯಾಂಕೂ ಸರಿಯಾಗಿ ಕಾಯುವುದಿಲ್ಲ. ಅಲ್ಲಿನವರು ಬಚ್ಚಲ ಹಂಡೆ ಒಲೆಯನ್ನು ಉಳಿಸಿಕೊಂಡಿರುವುದು ಸರಿಯಾದ ಲೆಕ್ಕಾಚಾರವೇ.

ಕರೆಂಟಿನ ಬ್ಯಾಕಪ್ ಕಾಯಿಲ್ ಸದಾ ಚಾಲೂ ಇರುವ ಮನೆಯಲ್ಲಿ ದೋಷ ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ. 200 ಲೀಟರ್ ನೀರು ರಾತ್ರಿ 10 ಡಿಗ್ರಿ ಆರಿ ಕಾಯಿಲ್ ಅದನ್ನು ತುಂಬಿದರೆ ದಿನಕ್ಕೆ 2.3 ಯೂನಿಟ್, ತಿಂಗಳಿಗೆ 70 ಯೂನಿಟ್. ಕಾಯಿಲನ್ನು ಮೋಡದ ದಿನಗಳಿಗೆ ಮೀಸಲಿಟ್ಟು, ಬೇಕಾದ ದಿನವೂ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಾಕುವುದು ಲೇಸು.

ಒಳಪಾತ್ರೆ ತೂತಾಗಿ ಟ್ಯಾಂಕನ್ನೇ ಬದಲಿಸಬೇಕಾದಾಗ ಲೀಟರಿಗಿಂತ ಮೊದಲು ಕೇಳಬೇಕಾದದ್ದು ಒಳಪಾತ್ರೆಯ ಲೋಹ ಮತ್ತು ಪಫ್‌ನ ದಪ್ಪ. ಗಡಸು ನೀರಿಗೆ ಎನಾಮೆಲ್ ಲೇಪದ ಪಾತ್ರೆ ಆರಿಸಿದರೆ ಪಾತ್ರೆಯ ಬದಲು ತಾನು ಸವೆಯಲೆಂದು ಅದರೊಳಗೆ ಇಟ್ಟಿರುವ ಮೆಗ್ನೀಸಿಯಂ ಕಡ್ಡಿಯನ್ನು ಸವೆದಂತೆ ಬದಲಿಸುತ್ತಿರಬೇಕು. ಹಳೆಯ ಸ್ಟ್ಯಾಂಡಿನ ಮೇಲೆ ಹೊಸ ಟ್ಯಾಂಕ್ ಕೂರಿಸುವ ಮುನ್ನ ಅದರ ಎತ್ತರ, ಎರಡು ಎನ್‌ಆರ್‌ವಿ, ತಣ್ಣೀರಿನ ಯು ತಿರುವು ಮತ್ತು ವೆಂಟಿನ ಮಟ್ಟ ಹೊಂದಿಸಿಕೊಳ್ಳಬೇಕು. ಪೈಪು ಜೋಡಿಸಿ ಮುಗಿದ ಮೇಲೆ ಇವನ್ನು ಸೇರಿಸಲು ಹೋದರೆ ಎಲ್ಲವನ್ನೂ ಕತ್ತರಿಸಬೇಕಾಗುತ್ತದೆ.